ಹಂಪನಕಟ್ಟೆಯಿಂದ ಬಲ್ಮಠದವರೆಗೆ: ಮಂಗಳೂರಿನ ಕಾಲೇಜು ಗುಡ್ಡೆಗಳಲ್ಲಿ ಒಂದು ದಿನ ಕಳೆಯುವುದು ಹೇಗೆ?

ಮಂಗಳೂರಿನ ವಿಶ್ವವಿದ್ಯಾಲಯ ನೋಡಬೇಕು ಎಂದು ರಿಕ್ಷಾದವರಿಗೆ ಹೇಳಿದರೆ ಅವರು ನಿಮ್ಮನ್ನು ಸೀದಾ ಕೊಣಾಜೆಗೆ ಕರೆದುಕೊಂಡು ಹೋಗುತ್ತಾರೆ. ಅವರದ್ದೇನೂ ತಪ್ಪಿಲ್ಲ. ವಿವಿ ಇರುವುದು ಅಲ್ಲೇ, ಪೇಟೆಯಿಂದ ಸುಮಾರು 20 ಕಿಲೋಮೀಟರ್ ದೂರದ ಮಂಗಳಗಂಗೋತ್ರಿಯಲ್ಲಿ. ಆದರೆ ಅದು ಶುರುವಾದದ್ದು 1980ರಲ್ಲಿ. ಅದಕ್ಕಿಂತ ನೂರು ವರ್ಷ ಹಿಂದೆಯೇ ಈ ಊರಲ್ಲಿ ಕಾಲೇಜುಗಳಿದ್ದವು, ಮುದ್ರಣಾಲಯ ಇತ್ತು, ಕನ್ನಡದ ಮೊದಲ ಪತ್ರಿಕೆ ಬಂದು ಹೋಗಿಯೂ ಆಗಿತ್ತು. ಅದೆಲ್ಲ ನಡೆದದ್ದು ಹಂಪನಕಟ್ಟೆ, ಬಾವುಟಗುಡ್ಡೆ, ಬಲ್ಮಠ ಎಂಬ ಮೂರು ಜಾಗಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಮಂಗಳೂರಿಗೆ ಬರುವವರು ಸಾಮಾನ್ಯವಾಗಿ ಪಣಂಬೂರು ಬೀಚ್, ಕದ್ರಿ, ಕುದ್ರೋಳಿ ನೋಡಿ, ಐಸ್‌ಕ್ರೀಂ ತಿಂದು ಹೊರಡುತ್ತಾರೆ. ಸೈಂಟ್ ಅಲೋಶಿಯಸ್ ಚಾಪೆಲ್‌ಗೆ ಹದಿನೈದು ನಿಮಿಷ ಕೊಟ್ಟರೆ ಹೆಚ್ಚು. ನನ್ನ ಪ್ರಕಾರ ಈ ಗುಡ್ಡೆಗಳಿಗೆ ಒಂದು ಇಡೀ ದಿನ ಕೊಡಬೇಕು. ಅದೂ ಕಾರಲ್ಲಿ ಅಲ್ಲ, ನಡೆದು. ಒಟ್ಟು ನಡಿಗೆ ನಾಲ್ಕೈದು ಕಿಲೋಮೀಟರ್ ದಾಟುವುದಿಲ್ಲ. ಏರು ಒಂದೇ ಇರುವುದು, ಆದರೆ ಅದು ಜೋರಾಗಿಯೇ ಇದೆ.

ಹೊರಡುವ ಮೊದಲು

ಯಾವ ದಿನ ಹೋಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಭಾನುವಾರ ಬೇಡ. ಚಾಪೆಲ್ ಪ್ರಾರ್ಥನೆಯ ಜಾಗ, ಪೂಜೆ ನಡೆಯುವಾಗ ಪ್ರವಾಸಿಗರಾಗಿ ಒಳಗೆ ಓಡಾಡುವುದು ಸರಿಯಲ್ಲ. ಕಾಲೇಜುಗಳಿಗೂ ರಜೆ. ಮಕ್ಕಳಿಲ್ಲದ ಕಾಲೇಜು ರಸ್ತೆಯಲ್ಲಿ ನೋಡುವುದಕ್ಕೆ ಬರೀ ಗೋಡೆ ಉಳಿಯುತ್ತದೆ. ವಾರದ ದಿನ ಬೆಳಿಗ್ಗೆ ಬಂದರೆ ಸುಳ್ಯ, ಪುತ್ತೂರು, ಬಂಟ್ವಾಳ, ಕಾಸರಗೋಡು ಕಡೆಯಿಂದ ಬಸ್ಸಿಳಿದು ಓಡುವ ವಿದ್ಯಾರ್ಥಿಗಳ ಜೊತೆಗೇ ನೀವೂ ಗುಡ್ಡೆ ಹತ್ತಬಹುದು. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಐದು ನಿಮಿಷದೊಳಗೆ ಕಿವಿಗೆ ಬೀಳುತ್ತದೆ.

ತಿಂಗಳು ಯಾವುದು? ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ಬಂತೆಂದರೆ ಸೆಕೆ ಶುರು. ಬೆಂಗಳೂರು, ಮೈಸೂರು ಕಡೆಯವರಿಗೆ ಇಲ್ಲಿನ ಬಿಸಿಲಿಗಿಂತ ಬೆವರೇ ಕಷ್ಟ. ಹತ್ತು ಹೆಜ್ಜೆ ನಡೆದರೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಬಂದರೂ ನಷ್ಟವಿಲ್ಲ, ಹಂಚಿನ ಮಾಡು ಮತ್ತು ಕೆಂಪುಕಲ್ಲು ಮಳೆಯಲ್ಲಿ ನೆನೆದಾಗಲೇ ಚಂದ. ಆದರೆ ಕೊಡೆ ದೊಡ್ಡದಿರಲಿ. ಮಡಚುವ ಸಣ್ಣ ಕೊಡೆ ಇಲ್ಲಿನ ಗಾಳಿಮಳೆಗೆ ನಿಲ್ಲುವುದಿಲ್ಲ.

ಕೈಯಲ್ಲಿ ಇರಬೇಕಾದ್ದು: ಹತ್ತಿಬಟ್ಟೆ, ಹಿಡಿತ ಇರುವ ಚಪ್ಪಲಿ ಅಥವಾ ಶೂ, ನೀರಿನ ಬಾಟಲಿ, ಒಂದು ಕರವಸ್ತ್ರ, ಗುರುತಿನ ಚೀಟಿ. ಗುರುತಿನ ಚೀಟಿ ಯಾಕೆಂದರೆ ಕಾಲೇಜುಗಳ ಗೇಟಲ್ಲಿ ಕೇಳಬಹುದು. ಇವೆಲ್ಲ ಪಾಠ ನಡೆಯುವ ಜಾಗಗಳು. ಗೇಟಲ್ಲಿ ಇರುವವರ ಹತ್ತಿರ "ಅಣ್ಣ, ಹಳೇ ಕಟ್ಟಡ ಸ್ವಲ್ಪ ನೋಡಬಹುದಾ?" ಎಂದು ಮರ್ಯಾದೆಯಲ್ಲಿ ಕೇಳಿದರೆ ಹೆಚ್ಚಾಗಿ ಬಿಡುತ್ತಾರೆ. ಪರೀಕ್ಷೆ ನಡೆಯುತ್ತಿದ್ದರೆ ಬಿಡುವುದಿಲ್ಲ, ಬಿಡಬಾರದು ಕೂಡ. ಚಾಪೆಲ್ ಮತ್ತು ಮ್ಯೂಸಿಯಂ ತೆರೆದಿರುವ ಸಮಯವನ್ನು ಹಿಂದಿನ ದಿನವೇ ಕಾಲೇಜಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಮಧ್ಯಾಹ್ನ ಬಾಗಿಲು ಹಾಕಿದ್ದರೆ ಬಿಸಿಲಲ್ಲಿ ಕಾಯುವುದು ಬೇಡ.

ಬಲ್ಮಠದ ಹಳೇ ಪುಸ್ತಕ, ದಾಖಲೆಗಳನ್ನು ನೋಡುವ ಆಸೆ ಇದ್ದರೆ ಅದಕ್ಕೆ ಬೇರೆಯೇ ಅನುಮತಿ ಬೇಕು. ಕೆಲವು ದಿನ ಮೊದಲೇ ಪತ್ರವೋ ಇಮೇಲೋ ಬರೆಯಿರಿ. ಯಾಕೆ ನೋಡಬೇಕು ಎಂಬುದನ್ನು ನಾಲ್ಕು ಸಾಲಲ್ಲಿ ಹೇಳಿದರೆ ಸಾಕು.

ಹೆಜ್ಜೆ 1: ಹೊಟ್ಟೆ ತುಂಬಿಸಿಕೊಳ್ಳಿ (ಬೆಳಿಗ್ಗೆ 8)

ರೈಲಲ್ಲಿ ಬಂದರೆ ಮಂಗಳೂರು ಸೆಂಟ್ರಲ್‌ನಲ್ಲಿ ಇಳಿಯಿರಿ. ಜಂಕ್ಷನ್‌ನಲ್ಲಿ ಅಲ್ಲ, ಅದು ಪೇಟೆಯಿಂದ ದೂರ. ಸೆಂಟ್ರಲ್‌ನಿಂದ ಹಂಪನಕಟ್ಟೆಗೆ ನಡೆದೇ ಹೋಗಬಹುದು. ಉಡುಪಿ, ಮೂಡುಬಿದಿರೆ ಕಡೆಯಿಂದ ಖಾಸಗಿ ಬಸ್ಸಲ್ಲಿ ಬರುವವರಿಗೆ ಸ್ಟೇಟ್‌ಬ್ಯಾಂಕ್ ಕೊನೆಯ ನಿಲ್ದಾಣ. ಸರ್ಕಾರಿ ಬಸ್ಸು ಬಿಜೈಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಸ್ಟೇಟ್‌ಬ್ಯಾಂಕ್ ಎಂದು ಬೋರ್ಡ್ ಇರುವ ಸಿಟಿ ಬಸ್ಸು ಹತ್ತಿ.

ಹಂಪನಕಟ್ಟೆ ಸುತ್ತಮುತ್ತ ಹಳೇ ಕಾಲದ ಸಸ್ಯಾಹಾರಿ ಹೋಟೆಲುಗಳಿವೆ. ಇಡ್ಲಿ ವಡೆ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬನ್ಸ್ ತಿನ್ನಿ. ಕಳಿತ ಬಾಳೆಹಣ್ಣು ಹಾಕಿ ನಾದಿದ ಮೈದಾ ಹಿಟ್ಟು, ಎಣ್ಣೆಯಲ್ಲಿ ಪೂರಿಯ ಹಾಗೆ ಉಬ್ಬುತ್ತದೆ. ಸ್ವಲ್ಪ ಸಿಹಿ. ಜೊತೆಗೆ ಖಾರದ ಚಟ್ನಿ. ಗೋಳಿಬಜೆ ಸಂಜೆಗೆ ಇಟ್ಟುಕೊಳ್ಳಿ, ಬಿಸಿ ಇರುವಾಗಲೇ ತಿನ್ನಬೇಕಾದ ತಿಂಡಿ ಅದು. ನೀರುದೋಸೆ ಸಿಕ್ಕರೆ ಬಿಡಬೇಡಿ. ಆದರೆ ಹೊಟ್ಟೆ ಬಿರಿಯುವಷ್ಟು ತಿಂದರೆ ಮುಂದಿನ ಏರು ಹತ್ತುವುದು ಕಷ್ಟ.

ರೈಲ್ವೆ ಸ್ಟೇಷನ್ ಕಡೆಯಿಂದ ಬರುವವರಿಗೆ ದಾರಿಯಲ್ಲೇ ಮಿಲಾಗ್ರಿಸ್ ಚರ್ಚ್ ಸಿಗುತ್ತದೆ. ಚರ್ಚ್ ಸ್ಥಾಪನೆ 1680ರಲ್ಲಿ, ಈಗಿನ ಕಟ್ಟಡ 1911ರದ್ದು. ಹೊರಗಿನಿಂದ ಒಮ್ಮೆ ನೋಡಿ ಮುಂದೆ ಹೋಗಿ. ಹಂಪನಕಟ್ಟೆ ಸಿಗ್ನಲ್ ಹತ್ತಿರ ಒಂದು ಹಳೇ ಬಾವಿ ಇದೆ. ಮಣ್ಣಿನಡಿ ಮುಚ್ಚಿಹೋಗಿದ್ದ ಇದು 2021ರಲ್ಲಿ ರಸ್ತೆ ಕಾಮಗಾರಿ ಮಾಡುವಾಗ ಸಿಕ್ಕಿತು. ಆಮೇಲೆ ಅದನ್ನು ಸರಿಮಾಡಿ ಉಳಿಸಿಕೊಂಡರು.

ಹೆಜ್ಜೆ 2: ಯೂನಿವರ್ಸಿಟಿ ಕಾಲೇಜು (9 ಗಂಟೆ)

ಹಂಪನಕಟ್ಟೆಯ ಗಲಾಟೆಗೆ ತಾಗಿಕೊಂಡೇ ಯೂನಿವರ್ಸಿಟಿ ಕಾಲೇಜು ಇದೆ. ಹೆಸರು ಕೇಳಿ ಇದೇ ವಿಶ್ವವಿದ್ಯಾಲಯ ಎಂದುಕೊಳ್ಳುವವರು ಬಹಳ. ಇದು ವಿವಿಯ ಘಟಕ ಕಾಲೇಜು. ಮೊದಲು ಇದರ ಹೆಸರು ಸರ್ಕಾರಿ ಕಾಲೇಜು. ಶುರುವಾದದ್ದು 1868ರಲ್ಲಿ, ಮಂಗಳೂರು ವಿವಿಯ ತೆಕ್ಕೆಗೆ ಬಂದದ್ದು 1993ರಲ್ಲಿ. ಅಂದರೆ ಕಾಲೇಜಿಗೆ ವಿಶ್ವವಿದ್ಯಾಲಯಕ್ಕಿಂತ ನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ.

ಈ ತಲೆಕೆಳಗು ಲೆಕ್ಕ ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಇಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾಲಯ. ರಾಜ್ಯ ಒಂದಾದ ಮೇಲೆ ಇಲ್ಲಿನ ಕಾಲೇಜುಗಳು ನಿಧಾನಕ್ಕೆ ಮೈಸೂರಿನ ಕಡೆ ತಿರುಗಿದವು. 1968ರಲ್ಲಿ ಮೈಸೂರು ವಿವಿ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಕನ್ನಡ ವಿಭಾಗ ಕಟ್ಟಿದವರು ಎಸ್.ವಿ. ಪರಮೇಶ್ವರ ಭಟ್ಟರು. ಆ ಕೇಂದ್ರವೇ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಆಯಿತು, ಮೊದಲ ಕುಲಪತಿ ಬಿ. ಶೇಖ್ ಅಲಿ. ಹಾಗಾಗಿ ಈ ಊರಲ್ಲಿ ಕಾಲೇಜುಗಳು ಮೊದಲು, ವಿವಿ ಆಮೇಲೆ. ಬೇರೆ ಊರುಗಳಲ್ಲಿ ವಿಶ್ವವಿದ್ಯಾಲಯದ ಸುತ್ತ ಪೇಟೆ ಬೆಳೆಯಿತು. ಇಲ್ಲಿ ಪೇಟೆಯ ನಡುವೆ ಕಾಲೇಜುಗಳು ಬೆಳೆದವು, ವಿವಿ ಗುಡ್ಡ ಹುಡುಕಿಕೊಂಡು ನೇತ್ರಾವತಿ ದಾಟಿ ಹೋಯಿತು.

ಒಳಗೆ ಹೋಗಲು ಬಿಟ್ಟರೆ ಹಂಚಿನ ಮಾಡಿನ ಹಳೇ ಕಟ್ಟಡದ ಉದ್ದ ಜಗಲಿಯಲ್ಲಿ ನಿಧಾನಕ್ಕೆ ನಡೆಯಿರಿ. ಎತ್ತರದ ಕಿಟಕಿ, ದಪ್ಪ ಗೋಡೆ. ಫ್ಯಾನ್ ಇಲ್ಲದ ಕಾಲದಲ್ಲಿ ಸೆಕೆಗೆ ಇದೇ ಉಪಾಯ. ಇಲ್ಲೇ ರವೀಂದ್ರ ಕಲಾಭವನವೂ ಇದೆ. ಕೋಟ ಶಿವರಾಮ ಕಾರಂತರು ಓದಲು ಸೇರಿದ್ದು ಇದೇ ಸರ್ಕಾರಿ ಕಾಲೇಜಿಗೆ. ಗಾಂಧೀಜಿ ಅಸಹಕಾರಕ್ಕೆ ಕರೆ ಕೊಟ್ಟಾಗ ಓದು ಬಿಟ್ಟು ಹೊರಟುಹೋದರು. ಕಾಲೇಜು ಬಿಟ್ಟವರ ಹೆಸರನ್ನೇ ಕಾಲೇಜು ಹೆಮ್ಮೆಯಿಂದ ಹೇಳಿಕೊಳ್ಳುವುದು ಅಪರೂಪ, ಅಲ್ವಾ?

ಎದುರು ದಿಕ್ಕಿಗೆ ವೆನ್ಲಾಕ್ ಆಸ್ಪತ್ರೆ. 1848ರಿಂದ ಇರುವ ಸರ್ಕಾರಿ ಆಸ್ಪತ್ರೆ ಇದು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುಮಾಡಿದಾಗ ಅದರ ಮಕ್ಕಳು ರೋಗಿಗಳನ್ನು ನೋಡಿ ಕಲಿಯಲು ಬಂದದ್ದು ಇಲ್ಲಿಗೇ. ಖಾಸಗಿ ಕಾಲೇಜು, ಸರ್ಕಾರಿ ಆಸ್ಪತ್ರೆ ಎಂಬ ಈ ಜೋಡಿ ಇವತ್ತೂ ಮುಂದುವರಿದಿದೆ. ಬಿಳಿ ಕೋಟು ತೋಳಿಗೆ ಹಾಕಿಕೊಂಡು ರಸ್ತೆ ದಾಟುವ ಹುಡುಗ ಹುಡುಗಿಯರನ್ನು ನೋಡಿದರೆ ಗೊತ್ತಾಗುತ್ತದೆ.

ಹೆಜ್ಜೆ 3: ಗುಡ್ಡೆ ಹತ್ತುವುದು (10 ಗಂಟೆ ಒಳಗೆ)

ಈಗ ಲೈಟ್‌ಹೌಸ್ ಹಿಲ್ ರಸ್ತೆ. ರಿಕ್ಷಾ ಹತ್ತಬೇಡಿ ಎಂದು ಹೇಳುವುದು ಸುಲಭ. ಮಂಡಿನೋವು ಇದ್ದವರು, ವಯಸ್ಸಾದವರು ಧಾರಾಳವಾಗಿ ಹತ್ತಿ, ಮೀಟರ್ ಮೇಲೆ ಕನಿಷ್ಠ ದರದ ಆಸುಪಾಸು ಆಗುತ್ತದೆ. ಉಳಿದವರು ನಡೆಯಿರಿ. ಎಡಕ್ಕೂ ಬಲಕ್ಕೂ ಜೆರಾಕ್ಸ್ ಅಂಗಡಿ, ಪಿಜಿ ಬೋರ್ಡು, ಜ್ಯೂಸ್ ಅಂಗಡಿ. ಫುಟ್‌ಪಾತ್ ಕೆಲವು ಕಡೆ ಇದೆ, ಕೆಲವು ಕಡೆ ಬೈಕುಗಳಿಗೆ ಹೋಗಿದೆ. ಅರ್ಧದಲ್ಲಿ ಏದುಸಿರು ಬಂದರೆ ಒಂದು ಬೊಂಡ ಕುಡಿಯಿರಿ. ಎಳನೀರು ಎಂದರೂ ಕೊಡುತ್ತಾರೆ, ಬೊಂಡ ಎಂದರೆ ನಗುತ್ತಾ ಕೊಡುತ್ತಾರೆ.

ಮೇಲೆ ಬಂದ ಕೂಡಲೇ ಚಾಪೆಲ್‌ಗೆ ನುಗ್ಗಬೇಡಿ. ಮೊದಲು ಬಾವುಟಗುಡ್ಡೆಯಲ್ಲಿ ಹತ್ತಿಪ್ಪತ್ತು ನಿಮಿಷ ನಿಲ್ಲಿ. ಠಾಗೋರ್ ಪಾರ್ಕ್, ಹಳೇ ದೀಪಸ್ತಂಭ, ಒಂದು ಪ್ರತಿಮೆ ಇಲ್ಲಿವೆ. ದೀಪಸ್ತಂಭವನ್ನು ಹೈದರಾಲಿ ಕಾಲದ ಕಾವಲು ಗೋಪುರ ಎನ್ನುವವರಿದ್ದಾರೆ. ಈಗ ಕಾಣುವುದು ಬ್ರಿಟಿಷರ ಕಾಲದ ರೂಪ. ಹಡಗಿಗೆ ಬೆಳಕು ತೋರಿಸುವ ಕೆಲಸ ಇದಕ್ಕೀಗ ಇಲ್ಲ, ಅದನ್ನು ಸುರತ್ಕಲ್‌ನ ದೀಪಸ್ತಂಭ ಮಾಡುತ್ತದೆ.

ಪ್ರತಿಮೆ ರೈತ ದಂಗೆಯೊಂದರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರದ್ದು, 2022ರಲ್ಲಿ ನಿಲ್ಲಿಸಿದ್ದು. ಅದರ ಹಿಂದಿನ ಕಥೆ 1837ರದ್ದು. ಬ್ರಿಟಿಷರು 1834ರಲ್ಲಿ ಕೊಡಗನ್ನು ಹಿಡಿದ ಮೇಲೆ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿವರೆಗೆ ಬೆಳೆಯಲ್ಲಿ ಕಂದಾಯ ಕಟ್ಟುತ್ತಿದ್ದ ರೈತರು ಇನ್ನು ನಗದಿನಲ್ಲೇ ಕಟ್ಟಬೇಕು ಎಂದಾಯಿತು. ಕೈಯಲ್ಲಿ ಭತ್ತ ಇದೆ, ದುಡ್ಡಿಲ್ಲ. ದುಡ್ಡು ಬೇಕಾದರೆ ಭತ್ತವನ್ನು ಸಿಕ್ಕಿದ ಬೆಲೆಗೆ ಮಾರಬೇಕು. ಆ ಸಿಟ್ಟೇ ಸುಳ್ಯದಿಂದ ಮಂಗಳೂರಿಗೆ ನಡೆದು ಬಂತು. ಏಪ್ರಿಲ್ 5ರಂದು ದಂಗೆಯವರು ಪೇಟೆ ಹಿಡಿದು ಈ ಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿದರು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಂಪೆನಿಯ ಸೈನ್ಯ ಬಂತು, ಮುಖ್ಯಸ್ಥರನ್ನು ಗಲ್ಲಿಗೇರಿಸಿತು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಕಥೆ ಇದು. ಊರಲ್ಲಿ ಇದನ್ನು ಇನ್ನೊಬ್ಬ ಮುಂದಾಳುವಿನ ಹೆಸರಲ್ಲಿ ಕಲ್ಯಾಣಪ್ಪನ ಕಾಟಕಾಯಿ ಎಂದೂ, ಅಮರ ಸುಳ್ಯದ ದಂಗೆ ಎಂದೂ ಕರೆಯುತ್ತಾರೆ.

ಪಶ್ಚಿಮಕ್ಕೆ ತಿರುಗಿ ನಿಂತರೆ ತೆಂಗಿನ ಮರ, ಅಪಾರ್ಟ್‌ಮೆಂಟುಗಳ ನಡುವೆ ಸಮುದ್ರ ಕಾಣುತ್ತದೆ. ಪಕ್ಕದಲ್ಲೇ ಈದ್ಗಾ ಇದೆ. ನಗರ ಕೇಂದ್ರ ಗ್ರಂಥಾಲಯವೂ ಈ ಗುಡ್ಡೆಯ ಮೇಲೇ ಇದೆ. ಒಳಗೆ ಇಣುಕಿದರೆ ಪೇಪರು ಓದುವ ಹಿರಿಯರು ಒಂದು ಕಡೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇನ್ನೊಂದು ಕಡೆ.

ಹೆಜ್ಜೆ 4: ಅಲೋಶಿಯಸ್ ಚಾಪೆಲ್, ಅವಸರ ಇಲ್ಲದೆ (10.30ರಿಂದ)

ಈ ದಿನದ ದೊಡ್ಡ ಪಾಲು ಇದಕ್ಕೇ ಕೊಡಿ.

ಯೇಸುಸಭೆಯ (ಜೆಸ್ಯೂಟ್) ಇಟಲಿ ಪಾದ್ರಿಗಳು 1880ರಲ್ಲಿ ಕಾಲೇಜು ಶುರುಮಾಡಿದ್ದು ಕೆಳಗೆ ಕೊಡಿಯಾಲಬೈಲಿನ ಬಾಡಿಗೆ ಬಂಗಲೆಯಲ್ಲಿ. ಲಾರೆನ್ಸ್ ಲೋಬೋ ಪ್ರಭು ಎಂಬವರು ಗುಡ್ಡೆಯ ಜಾಗ ದಾನ ಕೊಟ್ಟರು. ಕಟ್ಟಡ ಎದ್ದು 1885ರಲ್ಲಿ ಕಾಲೇಜು ಮೇಲೆ ಬಂತು. ಚಾಪೆಲ್ ಕಟ್ಟಿದ್ದೂ ಅದೇ ಹೊತ್ತಿಗೆ. 2024ರಲ್ಲಿ ಅಲೋಶಿಯಸ್‌ಗೆ ಪರಿಗಣಿತ (ಡೀಮ್ಡ್) ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಹಾಗಾಗಿ ಈಗ ಪೇಟೆಯ ನಡುವೆಯೂ ಒಂದು ವಿವಿ ಇದೆ ಎನ್ನಬಹುದು.

ಹೊರಗಿನಿಂದ ಚಾಪೆಲ್ ಸಾಧಾರಣ. ಒಳಗೆ ಕಾಲಿಟ್ಟಾಗಲೇ ಗೊತ್ತಾಗುವುದು. ಗೋಡೆ, ಕಮಾನು, ಮೇಲ್ಛಾವಣಿ, ಬಣ್ಣ ಇಲ್ಲದ ಜಾಗವೇ ಇಲ್ಲ. ಇದೆಲ್ಲ ಬರೆದವರು ಬ್ರದರ್ ಆಂಟೋನಿಯೋ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಹತ್ತಿರದ ಊರಿನವರು, 1854ರಲ್ಲಿ ಹುಟ್ಟಿದವರು. 1899ರಲ್ಲಿ ಇಲ್ಲಿ ಕೆಲಸ ಶುರುಮಾಡಿದರು. ಕೊನೆಗೆ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ನೋಡುವ ಕ್ರಮ ಹೀಗಿರಲಿ. ಮೊದಲು ನಡುವಿನ ಬೆಂಚಿನಲ್ಲಿ ಸುಮ್ನೆ ಕೂತುಕೊಳ್ಳಿ. ಹೊರಗಿನ ಬಿಸಿಲಿಂದ ಬಂದ ಕಣ್ಣಿಗೆ ಒಳಗಿನ ಮಂದ ಬೆಳಕು ಹೊಂದಲು ಐದು ನಿಮಿಷ ಬೇಕು. ಫೋನು ಜೇಬಲ್ಲೇ ಇರಲಿ. ಫೋಟೋ ತೆಗೆಯಬಹುದೋ ಬಾರದೋ ಎಂಬುದನ್ನು ಬಾಗಿಲಲ್ಲೇ ಕೇಳಿ, ಬೇಡ ಎಂದರೆ ಬೇಡ.

ಆಮೇಲೆ ಕಂಬಗಳ ಅಂಚು, ಕಮಾನಿನ ಸುತ್ತಲಿನ ಹೂಬಳ್ಳಿ ನೋಡಿ. ಕಲ್ಲಲ್ಲಿ ಕೆತ್ತಿ ಹೊರಗೆ ಉಬ್ಬಿಸಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಪಕ್ಕದಿಂದ ನೋಡಿ (ಮುಟ್ಟಬೇಡಿ). ಎಷ್ಟೋ ಕಡೆ ಗೋಡೆ ಚಪ್ಪಟೆ! ಬೆಳಕು ಒಂದು ಬದಿಯಿಂದ ಬಿದ್ದ ಹಾಗೆ ಒಂದು ಅಂಚಿಗೆ ತಿಳಿಬಣ್ಣ, ಇನ್ನೊಂದಕ್ಕೆ ನೆರಳು ಕೊಟ್ಟು ಕಣ್ಣನ್ನು ಮೋಸ ಮಾಡಿದ್ದಾರೆ. ಮಕ್ಕಳು ಜೊತೆಗಿದ್ದರೆ ಇದನ್ನೇ ಆಟ ಮಾಡಿ: ಯಾವುದು ನಿಜವಾದ ಉಬ್ಬು, ಯಾವುದು ಬಣ್ಣದ್ದು? ದೊಡ್ಡವರೇ ಜಾಸ್ತಿ ಸೋಲುತ್ತಾರೆ.

ಗೋಡೆಯ ಚಿತ್ರಗಳು ಫ್ರೆಸ್ಕೊ. ಅದರ ಕೆಲಸ ಹೇಗೆ ಎಂದು ತಿಳಿದು ನೋಡಿದರೆ ನೋಟವೇ ಬೇರೆ. ಗೋಡೆಗೆ ಸುಣ್ಣದ ಗಾರೆ ಹಚ್ಚುತ್ತಾರೆ. ಅದು ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಬಳಿಯಬೇಕು. ಗಾರೆ ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸೇರಿಬಿಡುತ್ತದೆ. ಅದಕ್ಕೇ ಅದು ಸುಲಭಕ್ಕೆ ಉದುರುವುದಿಲ್ಲ. ಆದರೆ ಕೆಲಸಗಾರನಿಗೆ ಸಮಯ ಇಲ್ಲ. ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಗಾರೆ ಹಚ್ಚಬೇಕು. ತಪ್ಪಿದರೆ ಅಳಿಸುವ ಹಾಗಿಲ್ಲ, ಗಾರೆಯನ್ನೇ ಕೆತ್ತಿ ತೆಗೆಯಬೇಕು. ಮೇಲ್ಛಾವಣಿಯ ಚಿತ್ರಗಳು ಬೇರೆ ಬಗೆ, ಅವು ಕ್ಯಾನ್ವಾಸ್ ಮೇಲಿನ ತೈಲವರ್ಣ.

ಮೇಲೆ ಇರುವುದು ಅಲೋಶಿಯಸ್ ಗೊನ್ಜಾಗನ ಕಥೆ. 1568ರಲ್ಲಿ ಉತ್ತರ ಇಟಲಿಯ ಪಾಳೆಯಗಾರರ ಮನೆಯಲ್ಲಿ ಹುಟ್ಟಿದ ಹಿರಿಮಗ. ಪಟ್ಟ ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಸಾಂಕ್ರಾಮಿಕ ರೋಗ ಬಂದಾಗ ರೋಗಿಗಳ ಸೇವೆಗೆ ಹೋಗಿ 1591ರಲ್ಲಿ, 23ನೇ ವಯಸ್ಸಿಗೆ ತೀರಿಕೊಂಡ. ಕಾಲೇಜು ಮಕ್ಕಳ ವಯಸ್ಸೇ. ಕತ್ತು ನೋಯುತ್ತದೆ, ನಡುನಡುವೆ ತಲೆ ತಗ್ಗಿಸಿ ವಿಶ್ರಾಂತಿ ಕೊಡಿ. ಹೊರಡುವ ಮೊದಲು ಹಿಂದಕ್ಕೆ ತಿರುಗಿ. ಹಿಂಬದಿಯ ಗೋಡೆಯಲ್ಲಿ ಮಕ್ಕಳ ನಡುವೆ ಯೇಸು ಇರುವ ದೊಡ್ಡ ಚಿತ್ರ ಇದೆ. ಬಾಗಿಲಿಂದ ಬಂದು ಬಾಗಿಲಿಂದಲೇ ಹೋಗುವವರು ಹೆಚ್ಚಾಗಿ ಇದನ್ನೇ ನೋಡದೆ ಹೋಗುತ್ತಾರೆ.

ಕರಾವಳಿಯ ತೇವ ಚಿತ್ರಗಳಿಗೆ ಶತ್ರು. 1990ರ ದಶಕದಲ್ಲಿ ಪರಂಪರೆಯನ್ನು ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ ಇವುಗಳ ಜೀರ್ಣೋದ್ಧಾರ ಮಾಡಿತು. ಗುಂಪಾಗಿ ಬಂದು ಗೋಡೆಗೆ ಒರಗುವುದು, ಬೆವರಿದ ಕೈಯಲ್ಲಿ ಮುಟ್ಟುವುದು ದಯವಿಟ್ಟು ಬೇಡ.

ಕ್ಯಾಂಪಸ್‌ನಲ್ಲೇ ಅಲೋಶಿಯಂ ಎಂಬ ಮ್ಯೂಸಿಯಂ ಇದೆ, 1913ರದ್ದು. ಹಳೇ ಕಾರು, ನಾಣ್ಯ, ಖನಿಜ, ತಿಮಿಂಗಿಲದ ಎಲುಬು, ಹಳೇ ಯಂತ್ರ, ಏನುಂಟು ಏನಿಲ್ಲ! ವಿಂಗಡಣೆಗಿಂತ ಸಂಗ್ರಹದ ಆಸೆ ಜಾಸ್ತಿ ಕಾಣುತ್ತದೆ, ನನಗೆ ಅದೇ ಇಷ್ಟ. ಮುಕ್ಕಾಲು ಗಂಟೆ ಸಾಕು.

ಹೆಜ್ಜೆ 5: ಊಟ (1 ಗಂಟೆ)

ಗುಡ್ಡೆ ಇಳಿದು ಜ್ಯೋತಿ ಸರ್ಕಲ್ ಕಡೆಗೋ ವಾಪಸ್ ಹಂಪನಕಟ್ಟೆಗೋ ಬನ್ನಿ. ಮೀನು ತಿನ್ನುವವರು ಮೀನಿನ ಊಟದ ಹೋಟೆಲ್ ಎಲ್ಲಿ ಎಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾರೆ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಮೇಲಿಂದ ಬಂಗುಡೆ ಅಥವಾ ಕಾಣೆ ಫ್ರೈ. ಕುಚ್ಚಲಕ್ಕಿ ದಪ್ಪ, ಮೊದಲ ಸಲ ತಿನ್ನುವವರಿಗೆ ಬೆಂದಿಲ್ಲ ಎನಿಸಬಹುದು. ಬೆಂದಿರುತ್ತದೆ, ಸಾರು ಜಾಸ್ತಿ ಹಾಕಿಸಿಕೊಳ್ಳಿ. ಫ್ರೈ ಹೇಳುವ ಮೊದಲು ದರ ಕೇಳಿ, ಮೀನಿನ ಗಾತ್ರದ ಮೇಲೆ ಬೆಲೆ ಬದಲಾಗುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಆಗ ತಾಜಾ ಮೀನು ಕಡಿಮೆ, ದರ ಮೇಲೆ. ಆ ತಿಂಗಳಲ್ಲಿ ಕೋರಿರೊಟ್ಟಿ ಒಳ್ಳೆಯದು. ಗರಿಗರಿ ಅಕ್ಕಿರೊಟ್ಟಿ ಮುರಿದು ಹಾಕಿ, ಮೇಲಿಂದ ಕೋಳಿ ಸಾರು ಸುರಿದು, ಮೆತ್ತಗಾಗುವ ಮೊದಲೇ ಸ್ವಲ್ಪ, ಮೆತ್ತಗಾದ ಮೇಲೆ ಸ್ವಲ್ಪ ತಿನ್ನಬೇಕು. ಸಸ್ಯಾಹಾರಿಗಳಿಗೆ ಊಟದ ಹೋಟೆಲಿಗೆ ಬರ ಇಲ್ಲ. ಮಳೆಗಾಲದಲ್ಲಿ ಪತ್ರೊಡೆ (ಕೆಸುವಿನ ಎಲೆಯ ತಿಂಡಿ) ಇದೆಯಾ ಎಂದು ಕೇಳಿ ನೋಡಿ.

ಊಟ ಆದ ಕೂಡಲೇ ನಡೆಯಬೇಡಿ. ಎರಡೂವರೆವರೆಗೆ ಎಲ್ಲಾದರೂ ನೆರಳಲ್ಲಿ ಕೂತಿರಿ.

ಹೆಜ್ಜೆ 6: ಬಲ್ಮಠ (2.30ರಿಂದ 4.30)

ಚಾಪೆಲ್‌ನ ಹಾಗೆ ಇಲ್ಲಿ ಕಣ್ಣಿಗೆ ಹಬ್ಬ ಇಲ್ಲ. ಗೊತ್ತಿಲ್ಲದೆ ಬಂದವರಿಗೆ ಮರಗಳು, ಒಂದು ಚರ್ಚು, ಹಂಚಿನ ಕೆಲವು ಕಟ್ಟಡ, ಅಷ್ಟೇ. ಆದರೆ ಕನ್ನಡ ಓದುವವರಿಗೆ ಇಡೀ ಮಂಗಳೂರಲ್ಲಿ ಇದಕ್ಕಿಂತ ಮುಖ್ಯವಾದ ಗುಡ್ಡೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಸಾಮ್ಯುಯೆಲ್ ಹೆಬಿಕ್ ಮತ್ತು ಇನ್ನಿಬ್ಬರು. ಧರ್ಮ ಹೇಳಲು ಬಂದವರು ಮೊದಲು ಭಾಷೆ ಕಲಿಯಬೇಕಾಯಿತು. ಕಲಿಸಲು ಶಾಲೆ ಬೇಕಾಯಿತು, ಶಾಲೆಗೆ ಪುಸ್ತಕ, ಪುಸ್ತಕಕ್ಕೆ ಅಚ್ಚುಕೂಟ. 1841ರಲ್ಲಿ ಅಚ್ಚುಕೂಟ ಬಂತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಈಗ ಜುಲೈ 1ನ್ನು ಪತ್ರಿಕಾ ದಿನ ಎಂದು ಆಚರಿಸುವುದು ಇದಕ್ಕೇ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಊರಿನ ಸುದ್ದಿ, ಸರ್ಕಾರದ ಆದೇಶ, ಕಥೆ ಎಲ್ಲ ಇರುತ್ತಿತ್ತು. ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು.

ಆಗ ಅಚ್ಚಾದದ್ದು ಮೊಳೆ (ಎರಕದ ಅಕ್ಷರ) ಜೋಡಿಸಿ ಅಲ್ಲ, ಕಲ್ಲಚ್ಚಿನಲ್ಲಿ. ನುಣುಪಾದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸುತ್ತಾರೆ. ಕಲ್ಲಿಗೆ ನೀರು ಸವರುತ್ತಾರೆ. ಬರಹ ಇದ್ದಲ್ಲಿ ನೀರು ನಿಲ್ಲುವುದಿಲ್ಲ, ಖಾಲಿ ಜಾಗದಲ್ಲಿ ನಿಲ್ಲುತ್ತದೆ. ಆಮೇಲೆ ಮುದ್ರಣದ ಶಾಯಿ ಉರುಳಿಸಿದರೆ ಅದು ಜಿಡ್ಡಿಗೆ ಮಾತ್ರ ಅಂಟುತ್ತದೆ, ಒದ್ದೆ ಜಾಗ ಬಿಟ್ಟುಬಿಡುತ್ತದೆ. ಕಾಗದ ಒತ್ತಿದರೆ ಪುಟ ರೆಡಿ. ಕನ್ನಡದ ಒತ್ತಕ್ಷರ, ಕೊಂಬು, ದೀರ್ಘಗಳಿಗೆ ನೂರಾರು ಮೊಳೆ ಎರಕ ಹೊಯ್ಯುವ ತಾಪತ್ರಯ ಇಲ್ಲ. ಕೈಬರಹ ಹೇಗಿದೆಯೋ ಹಾಗೇ ಅಚ್ಚು.

ಎಲ್ಲರಿಗೂ ಗೊತ್ತಿರುವ ಹೆಸರು ಫರ್ಡಿನಂಡ್ ಕಿಟೆಲ್. ಅವರು ಭಾರತಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ, ಇದೇ ಮಿಶನ್ ಪ್ರೆಸ್ಸಿನಿಂದ. ಸುಮಾರು 70 ಸಾವಿರ ಶಬ್ದ. ಕಂಪ್ಯೂಟರ್ ಇಲ್ಲ, ಟೈಪ್‌ರೈಟರೂ ಇಲ್ಲದ ಹಾಗೇ. ಅದಕ್ಕಿಂತ ಎಂಟು ವರ್ಷ ಮೊದಲು, 1886ರಲ್ಲಿ, ಮ್ಯಾನರ್ ಎಂಬವರ ತುಳು–ಇಂಗ್ಲಿಷ್ ನಿಘಂಟು ಇಲ್ಲಿಂದಲೇ ಬಂದಿತ್ತು. ತುಳುವರಿಗೇ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ.

ಏನು ನೋಡಬಹುದು? ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇಲ್ಲಿದೆ. ಅದರ ಬೇರು 1847ರಲ್ಲಿ ಮಿಶನ್ ಶುರುಮಾಡಿದ ಸೆಮಿನರಿಯಲ್ಲಿದೆ. ಅಲ್ಲಿನ ಪತ್ರಾಗಾರದಲ್ಲಿ ಮಿಶನ್ ಕಾಲದ ಪುಸ್ತಕ, ಹಸ್ತಪ್ರತಿಗಳನ್ನು ಕಾಪಾಡಿದ್ದಾರೆ. ಮೊದಲೇ ಬರೆದು ಒಪ್ಪಿಗೆ ಪಡೆದವರು ಒಂದು ಗಂಟೆ ಅಲ್ಲೇ ಕಳೆಯಿರಿ. ಕೈ ತೊಳೆದು, ಒರೆಸಿಕೊಂಡು ಹೋಗಿ. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಪುಟವನ್ನು ಮೇಲಿನ ಮೂಲೆ ಹಿಡಿದು ಮೆಲ್ಲ ಮಗುಚಿ. ಕಿಟೆಲ್ ನಿಘಂಟಿನ ಹಳೇ ಪ್ರತಿ ನೋಡಲು ಸಿಕ್ಕರೆ ಮೊದಲ ಪುಟದಲ್ಲೇ ನಿಲ್ಲಬೇಡಿ. ನಿಮ್ಮ ಮನೆಯಲ್ಲಿ ದಿನಾ ಆಡುವ ಒಂದು ಮಾತು ಹುಡುಕಿ. ಶಬ್ದ, ಅರ್ಥ, ಯಾವ ಕಾವ್ಯದಲ್ಲಿ ಬಂದಿದೆ, ಪಕ್ಕದ ತಮಿಳು, ತುಳು, ಮಲಯಾಳದಲ್ಲಿ ಅದರ ನಂಟರು ಯಾರು, ಎಲ್ಲ ಸಣ್ಣ ಅಕ್ಷರದಲ್ಲಿ ಸಿಗುತ್ತದೆ.

ಅನುಮತಿ ಇಲ್ಲದವರು ಶಾಂತಿ ಕೆಥೆಡ್ರಲ್ ಹೊರಗಿನಿಂದ ನೋಡಿ, ಆವರಣದಲ್ಲಿ ನಡೆದು ಬನ್ನಿ. ಮಾಡು ಗಮನಿಸಿ. ಮಂಗಳೂರು ಹಂಚು ಎಂದು ಹೆಸರಾದದ್ದು ಮಿಶನ್‌ನ ಇನ್ನೊಂದು ಸಾಹಸ, 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚು, ಮಳೆಗೆ ಸೋರುವುದಿಲ್ಲ. ಎಲ್ಲಾದರೂ ಒಡೆದ ಹಂಚು ಬಿದ್ದಿದ್ದರೆ ಮಗುಚಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ.

ಖಾಕಿ ಬಣ್ಣ ಹುಟ್ಟಿದ್ದು ಬಲ್ಮಠದ ನೇಯ್ಗೆ ಶಾಲೆಯಲ್ಲಿ ಎಂದು ಇಲ್ಲಿ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಜಾನ್ ಹಾಲರ್ ಎಂಬವರು 1850ರ ದಶಕದ ಆರಂಭದಲ್ಲಿ ಗೇರುಮರದ ರಸದಿಂದ ಆ ಬಣ್ಣ ಮಾಡಿದರು ಎಂಬ ಕಥೆ. ಇಲ್ಲಿ ಬಣ್ಣ ತಯಾರಾಗಿರಬಹುದು. ಆದರೆ ವಾಯವ್ಯ ಗಡಿಯಲ್ಲಿದ್ದ ಬ್ರಿಟಿಷರ ಗೈಡ್ಸ್ ಎಂಬ ಸೇನಾ ದಳ 1840ರ ದಶಕದಲ್ಲೇ ಖಾಕಿ ತೊಟ್ಟಿತ್ತು. ಕೇಳಿ, ತಲೆಯಾಡಿಸಿ, ವಾದಕ್ಕೆ ಇಳಿಯಬೇಡಿ.

ಹೆಜ್ಜೆ 7: ಪುಸ್ತಕ, ಐಸ್‌ಕ್ರೀಂ, ಸಂಜೆ

ಬಲ್ಮಠದ ಅತ್ರಿ ಬುಕ್ ಸೆಂಟರ್ ಇದ್ದಿದ್ದರೆ ಈ ಹೆಜ್ಜೆಗೆ ಎರಡು ಗಂಟೆ ಬೇಕಾಗುತ್ತಿತ್ತು. ಅದು ಮುಚ್ಚಿ ವರ್ಷಗಳೇ ಆದವು, ಓದುವವರು ಇನ್ನೂ ನೆನಪು ಮಾಡಿಕೊಳ್ಳುತ್ತಾರೆ. ಈಗ ಹಂಪನಕಟ್ಟೆಯ ಕೆ.ಎಸ್. ರಾವ್ ರಸ್ತೆ ಕಡೆ ಪುಸ್ತಕದಂಗಡಿ ಹುಡುಕಿ. ತುಳು, ಯಕ್ಷಗಾನ, ಭೂತಾರಾಧನೆಯ ಪುಸ್ತಕಗಳನ್ನು ಕೇಳಿ, ಬೇರೆ ಊರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆ ರಸ್ತೆಯ ಹೆಸರು ಕಾರ್ನಾಡ್ ಸದಾಶಿವ ರಾಯರದ್ದು, ಇದ್ದದ್ದನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೆ ಕೊಟ್ಟು 1937ರಲ್ಲಿ ತೀರಿಕೊಂಡವರು. ಸ್ವಲ್ಪ ಆಚೆ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ದಲಿತ ಮಕ್ಕಳನ್ನು ಶಾಲೆಗೆ ಸೇರಿಸಿದ್ದಕ್ಕೆ ತಮ್ಮವರಿಂದಲೇ ಬಹಿಷ್ಕಾರ ಎದುರಿಸಿದವರು ಅವರು. 1897ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು. ಗುಡ್ಡೆಯ ಮೇಲಿನ ಕಾಲೇಜುಗಳ ಕಥೆಯಲ್ಲಿ ಈ ಹೆಸರು ಸೇರದಿದ್ದರೆ ಲೆಕ್ಕ ಅರ್ಧ.

ಹೆಣ್ಣುಮಕ್ಕಳ ಓದಿನ ಕಥೆ ಬೇಕಾದವರು ಪುಸ್ತಕದ ಬದಲು ಬಲ್ಮಠದಿಂದ ಮುಂದೆ ಬೆಂದೂರಿಗೆ ಹೋಗಬಹುದು. 1921ರಲ್ಲಿ ಶುರುವಾದ ಸೈಂಟ್ ಆಗ್ನೆಸ್ ಕಾಲೇಜು ಅಲ್ಲಿದೆ, ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು. ಎರಡನ್ನೂ ಒಂದೇ ಸಂಜೆಗೆ ತುರುಕಬೇಡಿ.

ಐಸ್‌ಕ್ರೀಂಗೆ ಹಂಪನಕಟ್ಟೆಯ ಐಡಿಯಲ್. ಗಡ್‌ಬಡ್ ಹೇಳಿದರೆ ಉದ್ದ ಗ್ಲಾಸಿನಲ್ಲಿ ಮೂರು ಬಗೆಯ ಐಸ್‌ಕ್ರೀಂ, ಹಣ್ಣು, ಜೆಲ್ಲಿ, ಗೋಡಂಬಿ ಬರುತ್ತದೆ. ಇಬ್ಬರಿಗೆ ಒಂದು ಸಾಕು. ಸಂಜೆ ಕಾಲೇಜು ಬಿಟ್ಟ ಹೊತ್ತಿಗೆ ಸೀಟು ಸಿಗುವುದು ಕಷ್ಟ. ಗೋಳಿಬಜೆ ಮತ್ತು ಚಾ ಆಗಬೇಕಾದವರು ಮೊದಲು ಅದನ್ನು ಮುಗಿಸಿ.

ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ಮತ್ತೆ ಠಾಗೋರ್ ಪಾರ್ಕ್‌ಗೆ ಹೋಗಬಹುದು. ಮಳೆಗಾಲದಲ್ಲಿ ಇದನ್ನು ಬಿಟ್ಟುಬಿಡಿ, ಮೋಡದಲ್ಲಿ ಏನೂ ಕಾಣುವುದಿಲ್ಲ. ಆ ಹೊತ್ತಿಗೆ ಕದ್ರಿ ದೇವಸ್ಥಾನ ಒಳ್ಳೆಯದು. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹ ಕ್ರಿ.ಶ. 968ರದ್ದು, ಕರಾವಳಿಯನ್ನು ಆಳಿದ ಆಳುಪ ಅರಸರ ಕಾಲದ್ದು.

ವಾಪಸ್ ಹೋಗುವಾಗ

ಸಂಜೆ ಐದರಿಂದ ಏಳರವರೆಗೆ ಹಂಪನಕಟ್ಟೆ, ಜ್ಯೋತಿ ಎರಡೂ ಕಡೆ ಬಸ್ಸು ಕಿಕ್ಕಿರಿದಿರುತ್ತದೆ. ಕುಳಿತು ಹೋಗಬೇಕಾದರೆ ಸ್ಟೇಟ್‌ಬ್ಯಾಂಕ್‌ಗೇ ನಡೆದು ಹೋಗಿ ಹತ್ತಿ, ಬಸ್ಸು ಅಲ್ಲಿಂದಲೇ ಹೊರಡುವುದು. ಉಡುಪಿ ಕಡೆಯವರಿಗೆ ಎಕ್ಸ್‌ಪ್ರೆಸ್ ಬಸ್ಸು ಸಿಗುತ್ತಲೇ ಇರುತ್ತದೆ. ಬೆಂಗಳೂರಿನ ರಾತ್ರಿ ಬಸ್ಸು ಹಿಡಿಯುವವರು ಬಿಜೈಗೆ ಹೋಗಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಮಾರನೆಯ ದಿನ ಬಿಡುವಿದ್ದರೆ ಕೊಣಾಜೆಗೆ ಹೋಗಿ. ಸ್ಟೇಟ್‌ಬ್ಯಾಂಕಿನಿಂದ ತೊಕ್ಕೊಟ್ಟು, ದೇರಳಕಟ್ಟೆ ದಾಟಿ ಹೋಗುವ ಬಸ್ಸು ಬೇಕಷ್ಟಿವೆ. ಕಂಡಕ್ಟರ್ ಹತ್ತಿರ "ಯೂನಿವರ್ಸಿಟಿ" ಎಂದು ಹೇಳಿ ಟಿಕೆಟ್ ತೆಗೆದುಕೊಳ್ಳಿ. ಹಂಪನಕಟ್ಟೆಯ ಕಾಲೇಜಿಗೆ ಹೋಗಬೇಕಾದಾಗ ಮಾತ್ರ ಆ ಮಾತು ಹೇಳಬೇಡಿ, "ಹಂಪನಕಟ್ಟೆ" ಎಂದಷ್ಟೇ ಹೇಳಿ.